ಡಿಜಿಯಾತ್ರಾ ಬೇಡ ಅನ್ನೋರು ಬೆಂಗಳೂರು ಏರ್‌ಪೋರ್ಟಲ್ಲಿ ಏನು ಮಾಡಬೇಕು?

ಶರಾವತಿ_ದಂಡೆ:
ಅಪ್ಪ ಅಮ್ಮ ಮೊದಲ ಸಲ ಬೆಂಗಳೂರಿಂದ ದೆಹಲಿಗೆ ಹೊರಟಿದ್ದಾರೆ. ಡಿಜಿಯಾತ್ರಾ, ಅಂದ್ರೆ ಐಡಿ ತೋರಿಸೋ ಬದಲು ಮುಖ ಸ್ಕ್ಯಾನ್ ಮಾಡಿಸಿ ಒಳಗೆ ಹೋಗೋ ವ್ಯವಸ್ಥೆ, ಇಬ್ಬರಿಗೂ ಇಷ್ಟವಿಲ್ಲ. ಅಪ್ಪನಿಗೆ ಪೇಸ್‌ಮೇಕರ್ ಇದೆ. ಎಲ್ಲರೆದುರು ಮೈ ತಡವಿ ನೋಡ್ತಾರೇನೋ ಅಂತ ಅಮ್ಮನಿಗೆ ಮುಜುಗರ. ಯಾವುದಕ್ಕೆ ಬೇಡ ಅನ್ನಬಹುದು, ಯಾವುದಕ್ಕೆ ಆಗಲ್ಲ?

ಗೇಟ್_ನಂಬರ್_4:
ಡಿಜಿಯಾತ್ರಾಕ್ಕೆ ಬೇಡ ಅನ್ನಬಹುದು, ಸಿಐಎಸ್‌ಎಫ್ (ಏರ್‌ಪೋರ್ಟ್ ಕಾಯೋ ಕೇಂದ್ರ ಪಡೆ) ತಪಾಸಣೆಗೆ ಆಗಲ್ಲ. ಡಿಜಿಯಾತ್ರಾ ಮಾಡೋದು ಗುರುತು ಮತ್ತು ಟಿಕೆಟ್ ತಾಳೆ ನೋಡೋ ಕೆಲಸ ಮಾತ್ರ. ಅದರಲ್ಲಿ ಹೋದವರೂ ಬ್ಯಾಗ್ ಎಕ್ಸ್‌ರೇಗೆ ಹಾಕಲೇಬೇಕು, ಮೆಟಲ್ ಡಿಟೆಕ್ಟರ್ ದಾಟಲೇಬೇಕು. ಮುಖ ಕೊಡದವರಿಂದ ಭದ್ರತೆಗೆ ಕುಂದು ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಟರ್ಮಿನಲ್ ಬಾಗಿಲಲ್ಲಿ ಡಿಜಿಯಾತ್ರಾ ಬೋರ್ಡ್ ಇಲ್ಲದ ಸಾಲಿಗೆ ನಿಲ್ಲಲಿ. ಟಿಕೆಟ್ ಜೊತೆ ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಆಧಾರ್ ಇವುಗಳಲ್ಲಿ ಯಾವುದಾದರೂ ಒಂದರ ಅಸಲು ಸಾಕು. ಯಾರಾದರೂ ಬೋರ್ಡಿಂಗ್ ಪಾಸ್ ಇಸ್ಕೊಂಡು "ಕ್ಯಾಮೆರಾ ನೋಡಿ" ಅಂದ್ರೆ, "ಡಿಜಿಯಾತ್ರಾ ಬೇಡ, ಐಡಿ ತೋರಿಸ್ತೀನಿ" ಅಂದುಬಿಡಲಿ. ಇದೇ ಮಾತು ಸೆಕ್ಯುರಿಟಿಗೆ ಮುಂಚಿನ ಗೇಟಲ್ಲೂ ವಿಮಾನ ಹತ್ತೋ ಗೇಟಲ್ಲೂ ಬೇಕಾಗಬಹುದು.

ನಮ್ಮ ಕಡೆಯವರಿಗೆ ತೊಡಕಾಗೋದು ಇನಿಷಿಯಲ್. ಆಧಾರಲ್ಲಿ "ಕೆ ಎನ್ ರಾಮಪ್ಪ", ಟಿಕೆಟಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆದಿದ್ದರೆ ಡಿಜಿಯಾತ್ರಾ ಯಂತ್ರ ತಿರಸ್ಕರಿಸಬಹುದು. ಟಿಕೆಟ್ ಮಾಡುವಾಗಲೇ ಐಡಿಯಲ್ಲಿ ಇದ್ದ ಹಾಗೆ ಹೆಸರು ಹಾಕಿ.

ಸುಮಾ_ಹೆಚ್:
ಅಮ್ಮನಿಗೆ ಧೈರ್ಯ ಹೇಳಿ. ಹೆಂಗಸರನ್ನು ಮಹಿಳಾ ಸಿಬ್ಬಂದಿಯೇ, ಪರದೆ ಕಟ್ಟಿದ ಮರೆಯೊಳಗೆ ತಪಾಸಣೆ ಮಾಡ್ತಾರೆ. ಸೀರೆ ಪಿನ್ನಿಗೂ ಬಳೆಗೂ ಕೈಯಲ್ಲಿರೋ ಡಿಟೆಕ್ಟರ್ ಕೀಂಯ್ ಅನ್ನುತ್ತೆ, ಗಾಬರಿ ಬೇಡ. ಬಟ್ಟೆ ಸರಿಸಬೇಕು ಅಂದ್ರೆ ಪ್ರತ್ಯೇಕ ಕೋಣೆ ಕೇಳಲಿ.

ಅಪ್ಪ ಪೇಸ್‌ಮೇಕರ್ ಕಾರ್ಡನ್ನು (ಪೇಸ್‌ಮೇಕರ್ ಇದೆ ಅಂತ ತೋರಿಸೋ ಕಾರ್ಡ್) ಜೇಬಲ್ಲೇ ಇಟ್ಕೊಳ್ಳಲಿ. ಬ್ಯಾಗಲ್ಲಿದ್ದರೆ ಅದು ಅಷ್ಟರಲ್ಲಿ ಎಕ್ಸ್‌ರೇ ಬೆಲ್ಟ್ ಮೇಲೆ ಹೋಗಿರುತ್ತೆ. ಡಿಟೆಕ್ಟರ್ ಚೌಕಟ್ಟಿಗೆ ಬರೋ ಮೊದಲೇ ಕಾರ್ಡ್ ತೋರಿಸಿ, ಕೈಯಿಂದ ತಪಾಸಣೆ ಮಾಡಿ ಅಂತ ಕೇಳಲಿ. ಚೌಕಟ್ಟು ದಾಟಲೇಬೇಕಾದರೆ ಮಾಮೂಲಿ ನಡಿಗೆಯಲ್ಲಿ ದಾಟಲಿ, ಒಳಗೆ ನಿಲ್ಲೋದು ಬೇಡ. ಕೈ ಡಿಟೆಕ್ಟರನ್ನು ಎದೆ ಮೇಲೆ ಹಿಡಿದು ನಿಲ್ಲಿಸೋಕೆ ಬಿಡಬಾರದು.

ಕರಡು_ಪ್ರತಿ:
ಕಾನೂನಿನ ಕಡೆಯಿಂದ ಒಂದು ಮಾತು. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಮಿತಿ ಹಾಕೋಕೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮಿತಿ ಇರಬೇಕು.

ಡಿಜಿಯಾತ್ರಾಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, ಇರೋದು ವಿಮಾನಯಾನ ಸಚಿವಾಲಯದ 2018ರ ನೀತಿ. ವಿಮಾನ ಹೊರಟ 24 ಗಂಟೆಯೊಳಗೆ ಏರ್‌ಪೋರ್ಟಿನ ಸರ್ವರಿಂದ ಡೇಟಾ ಅಳಿಸ್ತೀವಿ ಅಂತಾರೆ. ಆದರೆ ಭದ್ರತೆಯ ಕಾರಣಕ್ಕೆ ಆ ಅವಧಿ ಬದಲಿಸೋ ಅವಕಾಶವನ್ನೂ ಅದೇ ನೀತಿ ಇಟ್ಕೊಂಡಿದೆ. ನನಗೆ ಒಪ್ಪಿಗೆಯಾಗದ್ದು ಇದೇ.

ಶರಾವತಿ_ದಂಡೆ:
ಎಲ್ಲರಿಗೂ ಧನ್ಯವಾದ. ಅಪ್ಪನ ಫೋನಲ್ಲಿ ಯಾರೋ ಆಗಲೇ ಡಿಜಿಯಾತ್ರಾ ಆ್ಯಪ್ ಹಾಕಿ ರಿಜಿಸ್ಟರ್ ಮಾಡಿಬಿಟ್ಟಿದ್ದಾರೆ. ಈಗೇನು?

ಗೇಟ್_ನಂಬರ್_4:
ಗುರುತಿನ ವಿವರ ಇರೋದು ಫೋನಲ್ಲೇ. ಮೊದಲು ಆ್ಯಪ್ ಒಳಗೆ ಆ ವಿವರ ಅಳಿಸಿ, ಆಮೇಲೆ ಆ್ಯಪ್ ತೆಗೀರಿ. ಗ್ಯಾಲರಿಯಲ್ಲಿ ಆಧಾರ್ ಸ್ಕ್ರೀನ್‌ಶಾಟ್ ಉಳಿದಿದ್ದರೆ ಅದನ್ನೂ ಅಳಿಸಿ. ಬೋರ್ಡಿಂಗ್ ಪಾಸನ್ನು ಆ್ಯಪ್‌ನಿಂದ ಏರ್‌ಪೋರ್ಟಿಗೆ ಶೇರ್ ಮಾಡದಿದ್ದರೆ ಅಪ್ಪನ ವಿವರ ಅಲ್ಲಿಗೆ ಹೋಗಿರಲ್ಲ.