ಲವಣದ ವಿಧಗಳಿಗೆ ಪದ ಬೇಕು: ‘ಆಮ್ಲೀಯ ಲವಣ’ ಸರಿಯೇ?

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಆಮ್ಲವೂ ಪ್ರತ್ಯಾಮ್ಲವೂ (ಬೇಸ್) ಸೇರಿ ಲವಣ, ನೀರು ಆಗುವವರೆಗೆ ತೊಂದರೆಯಿಲ್ಲ. ಸಿಕ್ಕಿಕೊಂಡಿರುವುದು ವಿಧಗಳಲ್ಲಿ. ಸಲ್ಫ್ಯೂರಿಕ್ ಆಮ್ಲದ ಎರಡೂ ಹೈಡ್ರೋಜನ್ ಹೋಗಿ ಸೋಡಿಯಂ ಬಂದರೆ ಸೋಡಿಯಂ ಸಲ್ಫೇಟ್. ಇದಕ್ಕೆ ‘ಸಾಮಾನ್ಯ ಲವಣ’ ಎಂದಿದ್ದೇನೆ. ಒಂದೇ ಹೋದರೆ ಸೋಡಿಯಂ ಬೈಸಲ್ಫೇಟ್. ಅದಕ್ಕೆ ‘ಆಮ್ಲೀಯ ಲವಣ’ ಎನ್ನಬಹುದೇ? ಎರಡು ಲವಣ ಸೇರಿ ಆಗುವ ಪಟಿಕಕ್ಕೆ ‘ದ್ವಿಲವಣ’ವೋ, ಬೇರೇನಾದರೂ ಇದೆಯೋ?

ಮರು:
‘ಸಾಮಾನ್ಯ ಲವಣ’ ಬೇಡ. ಓದುವವರು ಅಡುಗೆ ಉಪ್ಪು ಅಂದುಕೊಳ್ಳುತ್ತಾರೆ. ‘ಪೂರ್ಣ ಲವಣ’ ಎನ್ನಿ. ‘ಆಮ್ಲೀಯ’ವಂತೂ ಬೇಡವೇ ಬೇಡ. ಅದು ದ್ರಾವಣದ ಗುಣ ಹೇಳುವ ಪದ. ನಿಮಗೆ ಬೇಕಾದದ್ದು ರಚನೆ ಹೇಳುವ ಪದ. ಸೋಡಿಯಂ ಬೈಕಾರ್ಬೊನೇಟಿನಲ್ಲಿ ಆಮ್ಲದ ಒಂದು ಹೈಡ್ರೋಜನ್ ಉಳಿದಿದೆ, ಆದರೂ ಅದರ ದ್ರಾವಣದ ಪಿಎಚ್ 8ರ ಮೇಲಿರುತ್ತದೆ, ಅಂದರೆ ಆಮ್ಲೀಯವಲ್ಲ. ಮೈಲುತುತ್ತದಲ್ಲಿ (ತಾಮ್ರದ ಸಲ್ಫೇಟ್) ಆಮ್ಲದ ಹೈಡ್ರೋಜನ್ ಒಂದೂ ಉಳಿದಿಲ್ಲ, ದ್ರಾವಣ ಮಾತ್ರ ಆಮ್ಲೀಯ. ಹಾಗಾಗಿ ಬೈಸಲ್ಫೇಟ್, ಬೈಕಾರ್ಬೊನೇಟ್ ಎರಡೂ ‘ಆಮ್ಲ ಲವಣ’. ‘ಈಯ’ ಪ್ರತ್ಯಯ ಸೇರಿಸಿದರೆ ಅರ್ಥ ಕೆಡುತ್ತದೆ.

ಮರು:
ನಮ್ಮದೇ ‘ಉಪ್ಪು’ ಇರುವಾಗ ಲವಣ ಯಾಕೆ? ತಮಿಳರು ರಸಾಯನಶಾಸ್ತ್ರದಲ್ಲೂ ಉಪ್ಪು ಎಂದೇ ಬರೆಯುತ್ತಾರೆ, ಅವರ ವಿಜ್ಞಾನ ಮುಳುಗಿಲ್ಲ. ಹುಳಿಯುಪ್ಪು, ಜೋಡಿಯುಪ್ಪು. ಮುಗಿಯಿತು.

ಮರು:
ಮುಗಿಯಲಿಲ್ಲ. ‘ಜೋಡಿ’ಯೂ ಎರವಲೇ ಸ್ವಾಮಿ. ಇನ್ನು ಮೈಲುತುತ್ತದ ಮುಂದೆ ‘ಉಪ್ಪು’ ಎಂದು ಬರೆದಿಟ್ಟರೆ ಯಾವುದಾದರೂ ಮಗು ನೆಕ್ಕಿ ನೋಡೀತು. ಅದು ವಿಷ. ಎರಡು ಪದ ಇರುವುದು ನಮ್ಮ ಅನುಕೂಲ: ಅಡುಗೆಗೆ ಉಪ್ಪು, ಶಾಸ್ತ್ರಕ್ಕೆ ಲವಣ.

ಪಟಿಕಕ್ಕೆ ‘ದ್ವಿಲವಣ’ ಸಾಕು. ಆದರೆ ಪಕ್ಕದಲ್ಲಿ ‘ಸಂಕೀರ್ಣ ಲವಣ’ವನ್ನೂ ಇಡಿ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪಟಿಕ ನೀರಿಗೆ ಬಿದ್ದರೆ ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಲ್ಫೇಟ್ ಎಲ್ಲವೂ ಬಿಡಿಬಿಡಿ ಅಯಾನುಗಳಾಗುತ್ತವೆ (ವಿದ್ಯುದಂಶವುಳ್ಳ ಕಣಗಳು). ಪೊಟ್ಯಾಸಿಯಂ ಫೆರೊಸಯನೈಡಿನಲ್ಲಿ ಪೊಟ್ಯಾಸಿಯಂ ಮಾತ್ರ ಬಿಟ್ಟುಕೊಳ್ಳುತ್ತದೆ. ಕಬ್ಬಿಣವೂ ಸಯನೈಡೂ ಒಂದೇ ಅಯಾನಾಗಿ ಉಳಿಯುತ್ತವೆ.

ಮರು:
ಶಾಸ್ತ್ರಕ್ಕೆ ಸಂಸ್ಕೃತವೇ ಬೇಕು ಅನ್ನುವವರು ‘ಆಮ್ಲಜನಕ’ ನೋಡಲಿ, ಅಂದರೆ ಆಮ್ಲ ಹುಟ್ಟಿಸುವುದು. ಆಮ್ಲಕ್ಕೆಲ್ಲ ಆಕ್ಸಿಜನ್ನೇ ಕಾರಣ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ತಿಳಿದಿದ್ದ, ಹೆಸರನ್ನೂ ಹಾಗೇ ಇಟ್ಟ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು 1810ರ ಹೊತ್ತಿಗೆ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಡೇವಿ ತೋರಿಸಿಕೊಟ್ಟ. ನಾವು ತಪ್ಪನ್ನೇ ಸಂಸ್ಕೃತಕ್ಕೆ ಇಳಿಸಿ ಇಂದಿಗೂ ಮಕ್ಕಳಿಗೆ ಕಲಿಸುತ್ತಿದ್ದೇವೆ. ಇದಕ್ಕಿಂತ ‘ಆಕ್ಸಿಜನ್’ ವಾಸಿ ಅಲ್ವಾ?

ಮರು:
‘ಆಕ್ಸಿಜನ್’ ಅಂದರೂ ಗ್ರೀಕಿನಲ್ಲಿ ಅದೇ ತಪ್ಪು. ಸುಮ್ನೆ ಸಂಸ್ಕೃತವನ್ನು ಬಯ್ಯಬೇಡಿ.

ಮರು:
ಮೂಲ ಪ್ರಶ್ನೆ ಕೇಳಿದವಳು ನಾನು, ಇನ್ನೂ ಇಲ್ಲೇ ಇದ್ದೇನೆ. ಪೂರ್ಣ ಲವಣ, ಆಮ್ಲ ಲವಣ, ದ್ವಿಲವಣ, ಸಂಕೀರ್ಣ ಲವಣ ಹಾಕುತ್ತಿದ್ದೇನೆ. ಹೈಡ್ರಾಕ್ಸೈಡ್ ಪೂರ್ತಿ ಹೋಗದೆ ಉಳಿಯುವ ಬಗೆಗೆ, ಅಂದರೆ ತಾಮ್ರದ ಹಸಿರು ಖನಿಜ ಮ್ಯಾಲಕೈಟಿನಂಥದ್ದಕ್ಕೆ, ‘ಪ್ರತ್ಯಾಮ್ಲ ಲವಣ’ ಸರಿಯೋ, ‘ಕ್ಷಾರ ಲವಣ’ವೋ? ದಯವಿಟ್ಟು ಒಂದು ಸಾಲಿನಲ್ಲಿ ಹೇಳಿ.

ಮರು:
ಪ್ರತ್ಯಾಮ್ಲ. ಕ್ಷಾರ ಎಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ, ತಾಮ್ರದ ಹೈಡ್ರಾಕ್ಸೈಡ್ ಕರಗುವುದಿಲ್ಲ. ‘ಖಾರ’ ಹುಟ್ಟಿದ್ದೂ ಈ ಕ್ಷಾರದಿಂದಲೇ, ಆ ಚರ್ಚೆಗೆ ಬೇರೆ ಎಳೆ ತೆರೆಯುತ್ತೇನೆ.