ವೈಫೈ ಲಿಸ್ಟಲ್ಲಿ 11 ಡಿವೈಸ್, ನಮ್ಮನೇದು ಲೆಕ್ಕ ಹಾಕಿದ್ರೆ 7, ಬ್ಲಾಕ್ ಮಾಡಿದ್ರೂ ಮತ್ತೆ ಬರ್ತಾವೆ

ಕೆಳಗಿನಮನೆ_ಶಿವಮೊಗ್ಗ:
ಎಲ್ರಿಗೂ ನಮಸ್ಕಾರ. ನಮ್ದು ಸ್ವಂತ ಮನೆ, ಮೇಲೆ ಎರಡು ಪೋರ್ಷನ್ ಬಾಡಿಗೆಗೆ ಕೊಟ್ಟಿದೀವಿ, ಒಂದ್ರಲ್ಲಿ ಹುಡುಗ್ರು ಇದಾರೆ. ಫೈಬರ್ ಹಾಕ್ಸಿ ಎರಡು ವರ್ಷ ಆಯ್ತು, ಏನೂ ತೊಂದ್ರೆ ಇರ್ಲಿಲ್ಲ, ಈಗ ಒಂದು ತಿಂಗಳಿಂದ ರಾತ್ರಿ 9 ಆದ್ರೆ ಸಾಕು ಟೀವೀಲಿ ಚಕ್ರ ತಿರುಗ್ತಾನೇ ಇರುತ್ತೆ, ಮಗಳು ಕ್ಲಾಸ್ ಕಟ್ ಆಗ್ತಿದೆ ಅಂತ ಕೂಗಾಡ್ತಾಳೆ. ಬ್ರೌಸರಲ್ಲಿ 192.168.1.1 ಹಾಕಿ ರೌಟರ್ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದ್ರೆ 11 ಡಿವೈಸ್! ಫೋನು 4, ಲ್ಯಾಪ್‌ಟಾಪ್, ಟೀವಿ, ಗೇಟಿನ ಕ್ಯಾಮೆರಾ ಸೇರಿ ನಮ್ದು 7. ಮಿಕ್ಕಿದ್ದು ಯಾರ್ದು? ಹೆಸರೂ ಇಲ್ಲ, ಬರೀ ನಂಬರ್. ಆ ನಾಲ್ಕನ್ನೂ ಮ್ಯಾಕ್ ಫಿಲ್ಟರ್‌ಗೆ (ಮ್ಯಾಕ್ ಅಂದ್ರೆ ಒಂದೊಂದು ಡಿವೈಸ್‌ಗೂ ಇರೋ ಗುರುತಿನ ನಂಬರ್) ಹಾಕಿ ಬ್ಲಾಕ್ ಮಾಡ್ದೆ, ಎರಡು ದಿನ ಬಿಟ್ಟು ನೋಡಿದ್ರೆ ಎರಡು ಬೇರೆ ನಂಬರಲ್ಲಿ ಹಾಜರ್. ಪಾಸ್‌ವರ್ಡ್ ಯಾರಿಗೂ ಹೇಳಿಲ್ಲ, ನನ್ನ ಮೊಬೈಲ್ ನಂಬರೇ ಇಟ್ಟಿದೀನಿ. ವೈಫೈ ಹೆಸರು ಹೈಡ್ ಮಾಡಿಬಿಟ್ರೆ ಸರಿಹೋಗುತ್ತಾ?

ಚುರುಮುರಿ:
ಸರ್, ಮನೆ ಬಾಡಿಗೆಗಿದೆ ಅಂತ ಗೇಟಿಗೆ ಬೋರ್ಡ್ ಹಾಕಿದ್ರಲ್ಲ, ಅದ್ರಲ್ಲಿ ಯಾವ ನಂಬರ್ ಬರೆದಿದ್ರಿ? 😄

ಲೈನ್_ಎಳೆಯೋನು:
ಮೇಲಿನವ್ರು ತಮಾಷೆಗೆ ಹೇಳಿದ್ರೂ ಅದೇ ನಿಜ. ನಾನು ಇದೇ ಕೆಲಸದಲ್ಲಿರೋನು, ಹತ್ತು ಮನೇಲಿ ಏಳು ಮನೆ ಪಾಸ್‌ವರ್ಡ್ ಓನರ್ ಫೋನ್ ನಂಬರೇ ಇರುತ್ತೆ.

ಈಗ ಲಿಸ್ಟಲ್ಲಿ ಕಾಣೋ ಆ ನಂಬರ್ ವಿಷ್ಯ. ಆಂಡ್ರಾಯ್ಡ್ 10 ಬಂದ್ಮೇಲೆ ಫೋನು ವೈಫೈಗೆ ತನ್ನ ನಿಜವಾದ ಮ್ಯಾಕ್ ಕೊಡೋದಿಲ್ಲ, ಸುಮ್ನೆ ಒಂದು ಹುಟ್ಟಿಸಿ ಕೊಡುತ್ತೆ, ಐಫೋನಲ್ಲಿ 2020ರ ಐಒಎಸ್ 14ರಿಂದ ಹಂಗೇ. ಅದೂ ಒಂದೊಂದು ವೈಫೈ ಹೆಸರಿಗೆ ಒಂದೊಂದು. ನೀವು ಬ್ಲಾಕ್ ಮಾಡಿದ್ರೆ ಕದ್ದು ಬಳಸೋನು ಫೋನ್ ಸೆಟ್ಟಿಂಗ್ಸಲ್ಲಿ ಅದನ್ನ ಬದಲಾಯಿಸಿ ಬೇರೆ ನಂಬರಲ್ಲಿ ಬರ್ತಾನೆ, ಅಷ್ಟೇ. ಗುರುತು ಹಿಡಿಯೋದು ಸುಲಭ, ನಂಬರಿನ ಎರಡನೇ ಅಕ್ಷರ 2, 6, ಎ (A), ಇ (E) ಇವುಗಳಲ್ಲಿ ಒಂದಾದ್ರೆ ಅದು ಹುಟ್ಟಿಸಿದ ನಂಬರು.

ಹೆಸರು ಹೈಡ್ ಮಾಡೋದ್ರಿಂದ ನಿಮಗೇ ತಾಪತ್ರಯ, ಹುಡುಕೋನಿಗೆ ಫ್ರೀ ಆಪಲ್ಲಿ ಸಿಗುತ್ತೆ. ಪಾಸ್‌ವರ್ಡ್ ಬದಲಾಯಿಸಿ, 8 ಅಕ್ಷರ ಕನಿಷ್ಠ, 63ರವರೆಗೂ ಹಾಕ್ಬಹುದು, ನಾಲ್ಕೈದು ಪದ ಸೇರಿಸಿ ಉದ್ದ ಇಡಿ. ವೈಫೈ ಪಾಸ್‌ವರ್ಡ್ ಬೇರೆ, ರೌಟರ್ ಒಳಗೆ ಹೋಗೋ ಅಡ್ಮಿನ್ ಪಾಸ್‌ವರ್ಡ್ ಬೇರೆ, ಎರಡೂ ಬದಲಾಯಿಸ್ಬೇಕು. ಅಡ್ಮಿನ್ ಅಡ್ಮಿನ್ ಅಂತ್ಲೇ ಬಿಟ್ಟಿದ್ರೆ ನೀವು ಬ್ಲಾಕ್ ಮಾಡಿದ್ದನ್ನ ಅವ್ನೇ ಬಂದು ತೆಗೀತಾನೆ. ಡಬ್ಲ್ಯೂಪಿಎಸ್ ಅಂತ ಇರುತ್ತೆ, ಪಾಸ್‌ವರ್ಡ್ ಬದಲು ಬಟನ್ ಒತ್ತಿ ಇಲ್ಲಾ ಪಿನ್ ಹಾಕಿ ಕನೆಕ್ಟ್ ಆಗೋದು, ಆಫ್ ಮಾಡಿ. ಅದ್ರ 8 ಅಂಕಿ ಪಿನ್ನನ್ನ ಎರಡು ತುಂಡು ಮಾಡಿ ಚೆಕ್ ಮಾಡುತ್ತೆ, ಹಂಗಾಗಿ 11,000 ಸಲ ಪ್ರಯತ್ನಪಟ್ರೆ ಸಾಕು ಅಂತ 2011ರಲ್ಲೇ ಬಯಲಾಗಿದೆ.

ದಯವಿಟ್ಟು ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡ್ಬೇಡಿ!! ಕಂಪನಿ ಹಾಕಿರೋ ಲಾಗಿನ್ನೂ ಅಳಿಸಿಹೋಗಿ ನೆಟ್ಟೇ ಬರಲ್ಲ, ಆಮೇಲೆ ನನ್ನಂಥೋನಿಗೆ ಫೋನ್ ಮಾಡ್ಕೊಂಡು ಕೂರ್ಬೇಕು.

ತೆಂಗಿನತೋಟ:
ನಾನು ಉಲ್ಟಾ ಮಾಡಿದೀನಿ, ನಮ್ಮ ಡಿವೈಸ್ ಮಾತ್ರ ಅಲೋ, ಬೇರೆ ಎಲ್ಲಾ ಬ್ಲಾಕ್. ಒಂದು ವರ್ಷದಿಂದ ಯಾರೂ ಬಂದಿಲ್ಲ.

ಲೈನ್_ಎಳೆಯೋನು:
ಮಾಡ್ಬಹುದು ಸರ್, ಆದ್ರೆ ಮ್ಯಾಕ್ ನಂಬರ್ ಗಾಳೀಲಿ ಮುಚ್ಚುಮರೆ ಇಲ್ದೇ ಹೋಗುತ್ತೆ, ಗೊತ್ತಿರೋನು ನಿಮ್ಮ ಫೋನಿಂದು ಕಾಪಿ ಹೊಡೀತಾನೆ. ನೆಂಟ್ರು ಬಂದಾಗೆಲ್ಲ ನೀವು ಲ್ಯಾಪ್‌ಟಾಪ್ ತೆಗೀಬೇಕು ಬೇರೆ. ಅವ್ರಿಗೆ ಗೆಸ್ಟ್ ನೆಟ್‌ವರ್ಕ್ (ಅದೇ ರೌಟರಲ್ಲಿ ಬೇರೆ ಹೆಸರಿನ ವೈಫೈ) ಆನ್ ಮಾಡಿ ಕೊಡಿ, ನನ್ನ ಕೇಳಿದ್ರೆ ಕ್ಯಾಮೆರಾನೂ ಅದಕ್ಕೇ ಹಾಕಿ. 2016ರಲ್ಲಿ ಮಿರಾಯ್ ಅಂತ ವೈರಸ್ ಥರದ ಒಂದು ಮಾಲ್‌ವೇರ್ ಬಂದಿತ್ತಲ್ಲ, ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೌಟರ್‌ಗಳನ್ನೇ ಹಿಡಿದು ದಾಳಿ ಮಾಡ್ಸಿದ್ದು.

ಕೆಳಗಿನಮನೆ_ಶಿವಮೊಗ್ಗ:
ಎಲ್ರಿಗೂ ಥ್ಯಾಂಕ್ಸ್, ಬೋರ್ಡಲ್ಲಿ ಅದೇ ನಂಬರ್ ಸ್ವಾಮಿ, ಏನ್ ಮಾಡೋದು 🙏 ನಿನ್ನೆ ಕೂತು ಎಲ್ಲಾ ಬದಲಾಯಿಸ್ದೆ. ನಾಲ್ಕರಲ್ಲಿ ಒಂದು ನಮ್ಮಮ್ಮನ ಫೋನೇ! ನಮ್ಮ ರೌಟರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗೊಂದು 5ಕ್ಕೊಂದು ಹೆಸರಿದೆ, ಎರಡಕ್ಕೂ ಅವ್ರ ಫೋನು ಬೇರೆ ಬೇರೆ ನಂಬರ್ ಕೊಟ್ಟು ಎರಡು ಸಲ ಲಿಸ್ಟಿಗೆ ಬಂದಿದೆ, ನಾನು ಅದ್ರಲ್ಲಿ ಒಂದನ್ನ ಬ್ಲಾಕ್ ಮಾಡಿ ಕೂತಿದ್ದೆ, ಎರಡು ದಿನದಿಂದ ದೇವರ ಮನೇಲಿ ಹಾಡು ಬರ್ತಿಲ್ಲ ಅಂತ ಬೈತಿದ್ರು. ಇನ್ನೊಂದು ಮಾರಿದ ಹಳೇ ಲ್ಯಾಪ್‌ಟಾಪ್, ಲಿಸ್ಟಲ್ಲಿ ಸುಮ್ನೆ ಉಳ್ಕೊಂಡಿದೆ. ಮಿಕ್ಕ ಎರಡು ಮೇಲಿನ ಹುಡುಗ್ರದ್ದೇ, ಕೇಳಿದ್ರೆ ನಗ್ತಾ ಒಪ್ಕೊಂಡ್ರು. ಬೋರ್ಡ್ ನೋಡಿ ಅಲ್ಲ, ಮಗಳ ಫೋನಲ್ಲಿ ವೈಫೈ ಶೇರ್ ಒತ್ತಿ ಕ್ಯೂಆರ್ ಸ್ಕ್ಯಾನ್ ಮಾಡ್ಕೊಂಡಿದ್ರಂತೆ. ಬಯ್ಯೋಕೆ ಮನಸು ಬರ್ಲಿಲ್ಲ, ಗೆಸ್ಟ್ ಕೊಟ್ಟಿದೀನಿ, ಸ್ಪೀಡ್ ಕಮ್ಮಿ ಇಟ್ಟು. ಆದ್ರೆ ಈಗ ಕ್ಯಾಮೆರಾ ಕನೆಕ್ಟ್ ಆಗ್ತಿಲ್ಲ, ಯಾಕೆ?

ಚುರುಮುರಿ:
ಸೆಕ್ಯುರಿಟೀಲಿ ಡಬ್ಲ್ಯೂಪಿಎ3 (ವೈಫೈ ಭದ್ರತೆಯ ಹೊಸ ವಿಧಾನ) ಒಂದೇ ಇಟ್ಟಿದೀರಾ?

ಕೆಳಗಿನಮನೆ_ಶಿವಮೊಗ್ಗ:
ಹೌದು, ಜಾಸ್ತಿ ನಂಬರ್ ಒಳ್ಳೇದು ಅಂತ.

ಚುರುಮುರಿ:
ಹಳೇ ಕ್ಯಾಮೆರಾಗೆ ಅದು ಗೊತ್ತಿಲ್ಲ. 2 ಮತ್ತೆ 3 ಸೇರಿಸಿರೋ ಆಪ್ಷನ್ ಇರುತ್ತೆ ನೋಡಿ, ಅದನ್ನ ಹಾಕಿ, ಆಮೇಲೆ ಕ್ಯಾಮೆರಾ ಆಪಲ್ಲಿ 2.4ರ ಹೆಸರನ್ನೇ ಆರಿಸಿ. ಆ ಬೋರ್ಡೂ ತೆಗೀರಿ, ಮನೆ ಭರ್ತಿ ಆಗಿದೆಯಲ್ಲ.