ಅಪ್‌ಡೇಟ್: ಆಂಟೆನಾ ಕತ್ತರಿಸದೇ ಸರಿಹೋಯ್ತು

ಗಾಡಿಯ ಮೇಲಿನ ಕ್ಯಾರಿಯರ್‌ಗೆ ಕೂರಿಸಿದ ಸಿಬಿ (ಸಿಟಿಜನ್ಸ್ ಬ್ಯಾಂಡ್ ರೇಡಿಯೋ) ಆಂಟೆನಾದ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಎಲ್ಲ ಚಾನೆಲ್‌ನಲ್ಲೂ 3ಕ್ಕಿಂತ ಜಾಸ್ತಿ ಬರುತ್ತಿದೆ, ಕಡ್ಡಿ ಕತ್ತರಿಸಲಾ ಅಂತ ಕೇಳಿದ್ದೆ. ಸದ್ಯ, ಕತ್ತರಿಸಲಿಲ್ಲ!

ತಪ್ಪು ಕಡ್ಡಿಯದ್ದಲ್ಲ, ಗ್ರೌಂಡಿನದ್ದು, ಅಂದರೆ ಆಂಟೆನಾ ಬುಡಕ್ಕೂ ಗಾಡಿಯ ಲೋಹದ ಬಾಡಿಗೂ ಇರಬೇಕಾದ ವಿದ್ಯುತ್ ಸಂಪರ್ಕದ್ದು. ಕ್ಯಾರಿಯರ್ ರಬ್ಬರ್ ಬುಶ್ ಮೇಲೆ ಕೂತಿತ್ತು, ಬ್ರಾಕೆಟ್ ಕೆಳಗೆ ದಪ್ಪ ಪೇಂಟ್ ಬೇರೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಬ್ರಾಕೆಟ್ಟಿಗೂ ಬಾಡಿಗೂ ಸಂಪರ್ಕವೇ ಇಲ್ಲ. ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ, ಗಿಡ್ಡನೆಯ, ಅಗಲವಾದ, ತಂತಿ ಹೆಣೆದ ಪಟ್ಟಿಯಿಂದ ಗಾಡಿಯ ಲೋಹದ ಮೈಗೆ ಜೋಡಿಸಿದೆ. ಮೀಟರ್ ತಕ್ಷಣ ಇಳಿಯಿತು: 1ನೇ ಚಾನೆಲ್‌ನಲ್ಲಿ 1.6, 40ರಲ್ಲಿ 2.2.

ಕೊನೆಯ ಚಾನೆಲ್ 40ರಲ್ಲಿ ಜಾಸ್ತಿ ಬಂದರೆ ಆಂಟೆನಾ ಬೇಕಾದ್ದಕ್ಕಿಂತ ಉದ್ದ, 1ರಲ್ಲಿ ಜಾಸ್ತಿ ಬಂದರೆ ಗಿಡ್ಡ. ನನ್ನದು ಉದ್ದ. ಬುಡದ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿದೆ, ಪ್ರತಿ ಸಲ ಅಳೆದೆ. ಈಗ 20ರಲ್ಲಿ 1.2, ಎರಡೂ ತುದಿಯ ಚಾನೆಲ್‌ಗಳಲ್ಲಿ (1 ಮತ್ತು 40) ಸುಮಾರು 1.5. ಇಷ್ಟು ಸಾಕು ಅಲ್ವಾ?

ಮೊದಲ ದಿನ ಬಾಗಿಲು ತೆರೆದಿಟ್ಟು, ಆಂಟೆನಾ ಪಕ್ಕದಲ್ಲೇ ನಿಂತು ಅಳೆದು ಸುಮ್ನೆ ಒಂದು ಗಂಟೆ ಹಾಳು ಮಾಡಿಕೊಂಡೆ. ಬಾಗಿಲು ಮುಚ್ಚಿ, ಬಯಲಲ್ಲಿ ನಿಲ್ಲಿಸಿದ ಮೇಲೇ ಮುಳ್ಳು ಒಂದೇ ಕಡೆ ನಿಂತಿದ್ದು.

ಕಾಯಿಲ್ (ತಂತಿಯ ಸುರುಳಿ) ಇರುವ ಈ ಗಿಡ್ಡ ಕಡ್ಡಿಯನ್ನೇ ಇಟ್ಟುಕೊಳ್ಳುತ್ತೇನೆ. ಸಿಬಿಯ 27 ಮೆಗಾಹರ್ಟ್ಸ್‌ಗೆ ಕಾಲು ತರಂಗದ (ರೇಡಿಯೋ ತರಂಗದ ಉದ್ದದ ಕಾಲು ಭಾಗದಷ್ಟು) ಪೂರ್ತಿ ಕಡ್ಡಿ ಅಂದರೆ ಸುಮಾರು 2.7 ಮೀಟರ್. ಮರದ ಕೊಂಬೆಗಳ ಜೊತೆ ದಿನಾ ಜಗಳ ಯಾರಿಗೆ ಬೇಕು!